ಕರ್ಪೂರದ ಪಕ್ಕದ ಗೆರೆ

ಕಾಯುವುದೆಂದರೆ ನನಗೆ ಆಗದು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗಿಂತ ಮೊದಲು ನಾನೇ ಹೊರಟುಬಿಡುತ್ತೇನೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. "ಆತುರಗಾರರಿಗೆ ಬುದ್ಧಿ ಮಟ್ಟ" ಎಂಬ ಗಾದೆಯನ್ನು ಅವ್ವ ನನ್ನೊಬ್ಬಳಿಗಾಗಿಯೇ ಎತ್ತಿಟ್ಟುಕೊಂಡಿದ್ದಾಳೆ. ಇಂಥವಳಿಗೆ ಸಿಕ್ಕ ಕೆಲಸವಾದರೂ ಯಾವುದು? ಗಾಳಿಯನ್ನು ಹಿಡಿದು, ಅದರಲ್ಲಿ ಏನೇನು ಬೆರೆತಿದೆ ಎಂದು ನೋಡುವುದು. ಅದಕ್ಕಿಂತ ನಿಧಾನದ ಕೆಲಸ ಹುಡುಕಿದರೂ ಸಿಗುತ್ತಿರಲಿಲ್ಲ.

ನಾವು ಹುಡುಕುವುದು ಗಾಳಿಯಲ್ಲಿರುವ ಸಾವಯವ ಮಾಲಿನ್ಯವನ್ನು. ಸಾವಯವ ಎಂದ ಕೂಡಲೇ ಜನ ಒಳ್ಳೆಯ ತರಕಾರಿ ಎಂದುಕೊಳ್ಳುತ್ತಾರೆ. ಹಾಗಲ್ಲ, ಪೆಟ್ರೋಲು, ಬಣ್ಣ, ಹೊಗೆ, ಕಾರ್ಖಾನೆಯ ದ್ರಾವಕ, ಇವುಗಳಿಂದ ಏಳುವ ಕಣ್ಣಿಗೆ ಕಾಣದ ಆವಿಗಳು. ಹಳೆಯ ಪದ್ಧತಿಯಲ್ಲಿ ಪುಡಿ ತುಂಬಿದ ಉಕ್ಕಿನ ಕೊಳವೆಗೆ ಸಣ್ಣ ಪಂಪು ಜೋಡಿಸಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಪಂಪು ಇರುವೆಯ ಹಾಗೆ ಗಾಳಿಯನ್ನು ಎಳೆಯುತ್ತಿರುತ್ತದೆ. ಆಮೇಲೆ ಕೊಳವೆ ಮಂಜುಗಡ್ಡೆಯ ಡಬ್ಬಿಯಲ್ಲಿ ಹೈದರಾಬಾದಿಗೆ ಹೋಗಬೇಕು, ಅಲ್ಲಿ ಸರದಿಗೆ ನಿಲ್ಲಬೇಕು. ಇಷ್ಟೆಲ್ಲ ಆದ ಮೇಲೆ ಬರುವುದು ಇಡೀ ದಿನಕ್ಕೆ ಒಂದೇ ಅಂಕಿ. ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ರೊಟ್ಟಿ, ರಾತ್ರಿಯ ಅನ್ನ ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿ ರುಚಿ ನೋಡಿದ ಹಾಗೆ. ಉಪ್ಪು ಹೆಚ್ಚಾದದ್ದು ಯಾವುದರಲ್ಲಿ ಎಂದು ಯಾರು ಹೇಳಬೇಕು?

ಹಾಗಾಗಿ ನಮ್ಮ ಪ್ರಯೋಗಾಲಯಕ್ಕೆ ಹೊಸ ಪೆಟ್ಟಿಗೆ ಬಂದ ದಿನ ನಾನು ಊಟವನ್ನೇ ಮರೆತೆ. ಹೊಲಿಗೆ ಯಂತ್ರದಷ್ಟು ದೊಡ್ಡದು. ಕೊಳವೆಯ ಪುಡಿಯ ಬದಲು ಅದರಲ್ಲಿ ತೆಳ್ಳನೆಯ ಜಾಲರಿ. ಪಂಪು ಗಾಳಿಯನ್ನು ಗುಟುಕಲ್ಲ, ಕೊಡದ ಲೆಕ್ಕದಲ್ಲಿ ಎಳೆಯುತ್ತದೆ. ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಿಡಿಯಬೇಕಾದದ್ದನ್ನೆಲ್ಲ ಹಿಡಿದು, ಕಾಯಿಸಿ, ತಾನೇ ಬೇರ್ಪಡಿಸಿ, ಲ್ಯಾಪ್‌ಟಾಪಿನ ತೆರೆಯ ಮೇಲೆ ಗೆರೆಗಳನ್ನು ಎಬ್ಬಿಸುತ್ತದೆ. ಒಂದೊಂದು ವಸ್ತುವಿಗೆ ಒಂದೊಂದು ಜಾಗ. ಗೆರೆ ಎದ್ದ ಜಾಗ ನೋಡಿದರೆ ಯಾರು ಬಂದಿದ್ದಾರೆಂದು ಗೊತ್ತಾಗುತ್ತದೆ, ಎತ್ತರ ನೋಡಿದರೆ ಎಷ್ಟು ಬಂದಿದ್ದಾರೆಂದು. ನನ್ನಂಥವಳಿಗೆ ಇನ್ನೇನು ಬೇಕು!

ಮೊದಲ ಪರೀಕ್ಷೆಗೆ ಎಲ್ಲಿಗೆ ಹೋಗುವುದೆಂಬ ಮಾತು ಬಂದಾಗ ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ನಮ್ಮೂರು ಆದವಾನಿ, ಆಂಧ್ರದ ಗಡಿಯೂರು. ಅಲ್ಲಿ ನಮ್ಮ ಓಣಿಯ ಹಿಂದೆಯೇ ಹತ್ತಿಬೀಜದ ಎಣ್ಣೆ ಗಿರಣಿ. ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ದ್ರಾವಕ ಹಾಕಿ ಕರಗಿಸಿ ತೆಗೆಯುತ್ತಾರೆ. ಸಂಜೆಯಾದರೆ ಪೆಟ್ರೋಲಿನಂಥ ಸಿಹಿ ವಾಸನೆ ಮಾಳಿಗೆಗಳ ಮೇಲೆ ಇಳಿಯುತ್ತದೆ. ಓಣಿಯವರು ದೂರು ಕೊಟ್ಟಿದ್ದರು. ಹಿಂದೆ ಯಾರೋ ಬಂದು ಇಡೀ ದಿನದ ಕೊಳವೆ ಇಟ್ಟು ಹೋಗಿದ್ದರು. ಎಲ್ಲ ಮಿತಿಯೊಳಗಿದೆ ಎಂಬ ಉತ್ತರ ಬಂದಿತ್ತು. ಬರದೆ ಏನು? ಇಪ್ಪತ್ತುಮೂರು ತಾಸಿನ ಒಳ್ಳೆಯ ಗಾಳಿ ಒಂದು ತಾಸಿನ ಕೆಟ್ಟ ಗಾಳಿಯನ್ನು ತನ್ನ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿರುತ್ತದೆ.

ಕೈ ಎತ್ತಲು ಇನ್ನೊಂದು ಕಾರಣವಿತ್ತು. ನನ್ನ ತಂಗಿ ಚೊಚ್ಚಲ ಬಾಣಂತಿಯಾಗಿ ತವರಿನಲ್ಲಿದ್ದಳು, ಆಕೆಯ ಕೂಸಿಗೆ ಹುಷಾರಿರಲಿಲ್ಲ. ಹುಟ್ಟಿದ ಕೂಸಿಗೆ ಕಾಮಾಲೆ ಬರುವುದು, ನೀಲಿ ಬೆಳಕಿನಡಿ ಮಲಗಿಸಿದರೆ ಇಳಿಯುವುದು ಮಾಮೂಲು. ಇದಕ್ಕೂ ಇಳಿದಿತ್ತು. ಮನೆಗೆ ಬಂದ ಮೇಲೆ ಮತ್ತೆ ಏರಿತು. ಆಸ್ಪತ್ರೆಗೆ ಒಯ್ದರು, ಇಳಿಯಿತು. ಮನೆಗೆ ತಂದರು, ಮತ್ತೆ ಏರಿತು. ಈಗ ಹಳದಿಯ ಜೊತೆ ಬಿಳಿಚಿಕೊಳ್ಳುವುದೂ ಶುರುವಾಗಿತ್ತು. ಹಾಲು ಕುಡಿಯುತ್ತಾ ಕುಡಿಯುತ್ತಾ ನಿದ್ದೆ ಹೋಗುತ್ತಿತ್ತು. ಇನ್ನೂ ರಕ್ತ ಕಡಿಮೆಯಾದರೆ ಕರ್ನೂಲಿಗೆ ಒಯ್ಯಬೇಕಾದೀತು ಎಂದು ಡಾಕ್ಟರಮ್ಮ ಹೇಳಿದ್ದರು. ಆಸ್ಪತ್ರೆಯಲ್ಲಿ ಚೆನ್ನಾಗಿದ್ದ ಕೂಸು ಮನೆಯಲ್ಲಿ ಕೆಡುತ್ತದೆ ಎಂದರೆ ಕೆಟ್ಟದ್ದು ಮನೆಯ ಗಾಳಿ, ಗಾಳಿ ಕೆಡಿಸಿದ್ದು ಗಿರಣಿ. ಓಣಿಯೆಲ್ಲ ಹೀಗೇ ತೀರ್ಪು ಕೊಟ್ಟಾಗಿತ್ತು.

ಸ್ಟೇಷನ್ನಿನಿಂದ ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಹೊಸ್ತಿಲು ದಾಟುವ ಮೊದಲೇ ಅವ್ವ ಸುದ್ದಿ ಹೇಳಿದಳು.

"ನಾಳೆ ಗೋನೆಗಂಡ್ಲದಿಂದ ಬೀಗತಿ ಕಾರ್ ತಗೊಂಡು ಬರ್ತಾಳಂತ. ಬಾಣಂತಿ, ಕೂಸು ಇಬ್ಬರನ್ನೂ ಕರಕೊಂಡು ಹೋಗ್ತಾಳಂತ. ಐದು ತಿಂಗಳು ತವರಾಗ ಇರಬೇಕಾದ ಹುಡುಗಿನ ತಿಂಗಳ ತುಂಬೋದ್ರಾಗ ಒಯ್ಯೋದಂದ್ರ ಏನರ್ಥ? ನನ್ನ ಬಾಣಂತನ ಸರಿ ಇಲ್ಲಂತ ಊರಿಗೆಲ್ಲ ಡಂಗುರ ಹೊಡದಂಗ ಅಲ್ಲೇನು?"

ಬೀಗತಿ ಎಂದರೆ ತಂಗಿಯ ಅತ್ತೆ. ಗೋನೆಗಂಡ್ಲದ ಆಚೆ ಹೊಲದಲ್ಲೇ ಮನೆ. ಅಲ್ಲಿ ಗಿರಣಿಯಿಲ್ಲ, ಬಯಲ ಗಾಳಿ, ಕೂಸು ಅಲ್ಲಿ ಉಳಿಯುತ್ತದೆ ಎನ್ನುವುದು ಆಕೆಯ ವಾದ. ಅದು ತಪ್ಪೆಂದು ನನಗೂ ಅನ್ನಿಸಲಿಲ್ಲ. ಆದರೆ ಅವ್ವ ಬಾಣಂತಿಯ ಕೋಣೆಯ ಕಿಟಕಿಗೆ ಎರಡೆರಡು ಮಡಿಕೆ ಬಟ್ಟೆ ತುರುಕಿ, ಬಾಗಿಲ ಸಂದಿಗೂ ಚಿಂದಿ ಸುತ್ತಿ, ಗಿರಣಿಯ ಗಾಳಿ ಒಂದು ಎಳೆಯೂ ಒಳಗೆ ಬಾರದ ಹಾಗೆ ಮಾಡಿದ್ದಳು. ಆ ಬಂದೋಬಸ್ತು ನೋಡಿ ನನಗೆ ಹುರುಪು ಬಂತು. ಒಳಗಿನ ಗಾಳಿ ಅಳೆದು, ಗಿರಣಿಯ ದ್ರಾವಕ ಇಲ್ಲಿ ಇಲ್ಲವೆಂದು ತೋರಿಸಿಬಿಟ್ಟರೆ ಅವ್ವನ ಮಾನವೂ ಉಳಿಯುತ್ತದೆ, ಕೂಸಿನ ಕಾಯಿಲೆಗೆ ನಿಜವಾದ ಕಾರಣವನ್ನು ಬೇರೆಡೆ ಹುಡುಕಬಹುದು. ಅದೂ ನಾಳೆ ಕಾರು ಬರುವ ಮೊದಲೇ! ಹಳೆಯ ಕೊಳವೆಯಾಗಿದ್ದರೆ ಉತ್ತರ ಬರುವಷ್ಟರಲ್ಲಿ ಕೂಸು ಎಲ್ಲಿರುತ್ತಿತ್ತೋ.

ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು ವೈರು ಜೋಡಿಸಿ, ಕೈ ತೊಳೆದು ಬರುವಷ್ಟರಲ್ಲಿ ಅವ್ವ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದಾಗಿತ್ತು. ಮುಂದೆ ಊದಿನಕಡ್ಡಿ, ತಟ್ಟೆಯಲ್ಲಿ ಉರಿಯುವ ಕರ್ಪೂರ.

"ಅವ್ವ! ಇದು ಗಾಳಿ ಮೂಸೋ ಮಷಿನ್ನು. ಇದರ ಮುಂದ ಊದಿನಕಡ್ಡಿ ಹಚ್ಚತಾರೇನು?"

"ಹೊಸಾ ಮಷಿನ್ನು ಐತಿ. ಪೂಜಿ ಇಲ್ಲದ ಹೆಂಗ ಚಾಲೂ ಮಾಡ್ತಿ? ಹತ್ತಿ ಜಿನ್ನಿಂಗ್ ಮಿಲ್ಲಿನಾಗ ಹೊಸಾ ಬೆಲ್ಟ್ ಹಾಕಿದ್ರೂ ನಿಮ್ಮಪ್ಪ ಕಾಯಿ ಒಡಸ್ತಾನ."

ಅಪ್ಪ ಹತ್ತಿ ವ್ಯಾಪಾರಿ. ನಮ್ಮ ಊರಿನಲ್ಲಿ ತಕ್ಕಡಿಯಿಂದ ಹಿಡಿದು ಲಾರಿಯವರೆಗೆ ಪೂಜೆಯಿಲ್ಲದೆ ಒಂದು ಚಕ್ರವೂ ತಿರುಗುವುದಿಲ್ಲ. ಪೆಟ್ಟಿಗೆ ಆಗಲೇ ಗಾಳಿ ಎಳೆದುಕೊಂಡಿತ್ತು. ತೆರೆಯ ಮೇಲೆ ಕರ್ಪೂರದ ಗೆರೆ ಮೇಲಿನ ಅಂಚಿಗೆ ಹೋಗಿ ತಲೆ ಹೊಡೆದುಕೊಂಡಿತು. ಅದಕ್ಕೆ ಆತುಕೊಂಡೇ ಬಲಗಡೆ ಇನ್ನೊಂದು ಗೆರೆ. ಅಗ್ಗದ ಕರ್ಪೂರ, ಅಗ್ಗದ ಊದಿನಕಡ್ಡಿ, ಏನೇನು ಬೆರೆಸಿರುತ್ತಾರೋ ಎಂದು ನಕ್ಕು ಆ ಅಳತೆಯನ್ನೇ ಅಳಿಸಿಹಾಕಿದೆ. ಹಳೆಯ ಪದ್ಧತಿಯಲ್ಲಿ ಒಂದು ಕೊಳವೆ ಕೆಟ್ಟರೆ ಇಡೀ ದಿನ ಕೆಟ್ಟಂತೆ. ನಾನು ಕೂಗಾಡಿ ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ. ಈಗ ಪೆಟ್ಟಿಗೆ ಎತ್ತಿಕೊಂಡು ಮಾಳಿಗೆ ಹತ್ತಿದೆ, ಅಷ್ಟೇ.

ಆ ಸಂಜೆ ಎಂಥ ಸಂಜೆ! ಅಪ್ಪ ನನ್ನ ಜೊತೆ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತ. ವಾಸನೆ ಬರುವ ಮೊದಲು ತೆರೆ ಸುಮ್ಮನೆ ಮಲಗಿತ್ತು. ಗಿರಣಿಯ ಕಡೆಯಿಂದ ಗಾಳಿ ತಿರುಗಿತು, ಮೂಗಿಗೆ ಸಿಹಿ ಅಡರಿತು, ದ್ರಾವಕದ ಗೆರೆ ಎದ್ದು ನಿಂತಿತು. ಮತ್ತೊಮ್ಮೆ ಹಿಡಿದೆ, ಇನ್ನೂ ಎತ್ತರ. ಗಾಳಿ ಬಿದ್ದ ಮೇಲೆ ಹಿಡಿದೆ, ಮೊಣಕಾಲಿಗೆ ಇಳಿಯಿತು. ವರ್ಷಗಟ್ಟಲೆ ಓಣಿಯ ಜನ "ಸಂಜಿಗೆ ಬರ್ತೈತಿ, ಆಮ್ಯಾಲೆ ಹೋಗ್ತೈತಿ" ಎಂದು ಹೇಳುತ್ತಾ ಬಂದದ್ದನ್ನು ಯಾರೂ ನಂಬಿರಲಿಲ್ಲ. ಅದು ನನ್ನ ಕಣ್ಣೆದುರು ಬಂದು, ಹೋಗಿ, ತೋರಿಸಿತು. ನಾನು ಕುಣಿದೇಬಿಟ್ಟೆ.

"ಹುಚ್ಚಿ, ಮಾಳಿಗಿ ಹಳೇದೈತಿ, ಮೆಲ್ಲಗ" ಎಂದ ಅಪ್ಪ. ಪಕ್ಕದ ಮಾಳಿಗೆಯವರೆಲ್ಲ ನಿಂತು ನೋಡುತ್ತಿದ್ದರು. ಗಿರಣಿಯ ಆ ಲೆಕ್ಕ ಆಮೇಲೆ ಕಚೇರಿಯ ದಾರಿ ಹಿಡಿಯಿತು, ಅದು ಬೇರೆ ಕತೆ. ನನಗೆ ಆಗ ಬೇಕಾಗಿದ್ದದ್ದು ಕೆಳಗಿನ ಕೋಣೆ. ಆದರೆ ಕೂಸು ಆಗಷ್ಟೇ ಮಲಗಿತ್ತು, ಅದಕ್ಕೆ ಲೋಬಾನದ ಹೊಗೆಯನ್ನೂ ಹಾಕಿದ್ದರು. ಹೊಗೆ ಪೂರ್ತಿ ಹೋಗಲಿ, ಬೆಳಿಗ್ಗೆ ನೋಡೋಣ ಎಂದುಕೊಂಡೆ. ಇನ್ನು ಊದಿನಕಡ್ಡಿ, ಲೋಬಾನ, ಕರ್ಪೂರ ಯಾವುದನ್ನೂ ಹಚ್ಚಬೇಡ ಎಂದು ಅವ್ವನಿಂದ ಆಣೆ ಮಾಡಿಸಿಕೊಂಡೆ.

ಬೆಳಿಗ್ಗೆ ನಾನು ಏಳುವ ಮೊದಲೇ ಬೀಗತಿಯ ಕಾರು ಬಂದು ನಿಂತಿತ್ತು. ನನಗಿಂತ ಅವಸರದವರು ಇದ್ದಾರೆಂದು ಆವತ್ತೇ ಗೊತ್ತಾದದ್ದು. ಬೀಗತಿ ಎತ್ತರದ ಹೆಂಗಸು, ಒಗೆದು ಬಿಸಿಲಿಗೆ ಒಣಗಿಸಿದ ನೂಲಿನ ಸೀರೆ, ಕೈಯಲ್ಲಿ ಒಂದು ಚೀಲ. ಅವ್ವ ಬೀಗರೆದುರು ಕಡಿಮೆಯಾಗಬಾರದೆಂದು ಟ್ರಂಕಿನಿಂದ ರೇಷ್ಮೆಯಂಚಿನ ಸೀರೆ ತೆಗೆದು ಉಟ್ಟಿದ್ದಳು. ಇಬ್ಬರೂ ಬಾಯ್ತುಂಬ ಉಪಚಾರ ಹೇಳಿಕೊಂಡು ಒಳಗೊಳಗೆ ಕತ್ತಿ ಮಸೆಯುತ್ತಿದ್ದರು. ಬೀಗತಿ ಕೋಣೆಗೆ ಹೋಗಿ ತೊಟ್ಟಿಲಲ್ಲಿ ಇಣುಕಿದ್ದೇ ಉಪಚಾರ ಮುಗಿಯಿತು.

"ಅಯ್ಯೋ, ಬಿಡ್ಡ ರಂಗು ಚೂಡಂಡಿ, ಕೂಸಿನ ಬಣ್ಣ ನೋಡ್ರಿ! ಅರಿಷಿಣ ಹಚ್ಚಿದಂಗ ಆಗ್ಯಾದಲ್ಲ. ಇನ್ನ ಒಂದು ದಿನ ಇಲ್ಲಿ ಇಡಾಂಗಿಲ್ಲ. ಕೊಡ್ರಿ ಇಲ್ಲಿ ಕೂಸಿನ್ನ."

ಅವ್ವ ತೊಟ್ಟಿಲಿನಿಂದ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡಳು. "ನನ್ನ ಮಗಳು, ನನ್ನ ಮೊಮ್ಮಗ. ಆಸ್ಪತ್ರಿಗೆ ಅಂದ್ರ ಈಗ ಒಯ್ರಿ. ಬ್ಯಾರೆ ಕಡೆ ಕಳಸಾಂಗಿಲ್ಲ. ಕೂಸನ್ನ ನಾ ಯಾರ ಕೈಯಾಗೂ ಕೊಡಾಂಗಿಲ್ಲ."

ಮಂಚದ ಮೇಲೆ ತಂಗಿ ಅಳುತ್ತಿದ್ದಳು. ಹೊರಗೆ ಡ್ರೈವರ್ ಹಾರನ್ ಒತ್ತಿದ. ಕೋಣೆಯ ಬಾಗಿಲಲ್ಲಿ ಒಂದು ಗಂಟು ಸಿದ್ಧವಾಗಿತ್ತು, ಒಯ್ಯುವುದೇ ಆದರೆ ಬರಿಗೈಯಲ್ಲಿ ಯಾಕೆ ಎಂದು ಹಟದಿಂದಲೇ ಅವ್ವ ಕಟ್ಟಿಟ್ಟದ್ದು. ಅದರಲ್ಲಿ ಕೌದಿಗಳು. ತಂಗಿ ಬಸುರಿ ಎಂದು ತಿಳಿದ ದಿನದಿಂದ ಅವ್ವ ತನ್ನ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಗುಲಂಗುಲಕ್ಕೆ ಹೊಲಿಗೆ ಹಾಕಿ ಮಾಡಿದ ಪುಟ್ಟ ಕೌದಿಗಳು. ನಮ್ಮಲ್ಲಿ ಚೊಚ್ಚಲ ಕೂಸಿಗೆ ಅಜ್ಜಿಯ ಕೌದಿ ಹೊದಿಸಬೇಕು, ಹೊಸ ಬಟ್ಟೆ ತಾಗಿಸಬಾರದು. ಮನೆಯಲ್ಲಿ ಈ ಕೂಸಿಗೂ ಅದೇ ಹೊದಿಕೆ.

"ಹೋಗೀರಂತ ಆಮ್ಯಾಲೆ" ಎಂದೆ ನಾನು, ಪೆಟ್ಟಿಗೆ ಹೊತ್ತು ನಡುವೆ ನುಗ್ಗಿ. "ಗಿರಣಿ ಗಾಳಿ ಈ ಕೋಣ್ಯಾಗ ಐತೋ ಇಲ್ಲೋ, ಚಾ ಕುಡಿಯೋದ್ರಾಗ ಹೇಳ್ತೀನಿ. ಇದ್ರ ನೀವು ಕರಕೊಂಡು ಹೋಗ್ರಿ. ಇಲ್ಲಂದ್ರ ಅವ್ವನ ಮಾತು ಕೇಳ್ರಿ."

ಬೀಗತಿ ನನ್ನನ್ನೂ ಪೆಟ್ಟಿಗೆಯನ್ನೂ ಮೇಲಿಂದ ಕೆಳಗೆ ನೋಡಿದಳು. "ಚಾ ತರ್ರಿ ಹಂಗಾದ್ರ" ಎಂದಳು.

ಪಂಪು ಗುಂಯ್‌ಗುಟ್ಟಿತು. ಇಬ್ಬರು ಅಜ್ಜಿಯರು ತೆರೆಯ ಎರಡು ಪಕ್ಕ ನಿಂತರು. ದ್ರಾವಕದ ಜಾಗ ಬಂತು, ದಾಟಿತು. ಗೆರೆ ಏಳಲಿಲ್ಲ. ಗಿರಣಿಯ ಗಾಳಿ ಕೋಣೆಯಲ್ಲಿ ಇಲ್ಲವೇ ಇಲ್ಲ!

"ಗೆದ್ದಿ ಅವ್ವ!" ಎಂದು ಚೀರಿದೆ. ಅವ್ವ ಬೀಗತಿಯ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಆ ನೋಟ ಮುಗಿಯುವ ಮೊದಲೇ ತೆರೆಯ ಬಲಕ್ಕೆ ಒಂದು ಗೆರೆ ಏಳತೊಡಗಿತು. ಏರಿತು, ಏರಿತು, ನಿಲ್ಲಲೇ ಇಲ್ಲ. ನಿನ್ನೆ ಕರ್ಪೂರದ ಪಕ್ಕದಲ್ಲಿ ಕಂಡ ಅದೇ ಗೆರೆ.

"ಕರ್ಪೂರ ಹಚ್ಚಿದೇನವ್ವ?"

"ನಿನ್ನಾಣಿ, ಹಚ್ಚಿಲ್ಲ."

ಹಚ್ಚಿರಲಿಲ್ಲ. ಕರ್ಪೂರದ ಜಾಗ ಖಾಲಿಯಿತ್ತು. ಅಂದರೆ ಇದು ಕರ್ಪೂರದ ಜೊತೆಗಾರನಲ್ಲ. ನಿನ್ನೆ ಕಂಡದ್ದೂ ಕರ್ಪೂರದ್ದಲ್ಲ, ಮೊದಲಿಂದ ಮನೆಯೊಳಗೇ ಇದ್ದದ್ದು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆದದ್ದು ಹೆದರಿಕೆಯಲ್ಲ, ಖುಷಿ. ಏನೋ ಇದೆ, ಹತ್ತಿರದಲ್ಲೇ ಇದೆ, ಹಿಡಿಯಬಹುದು! ಪೆಟ್ಟಿಗೆಯನ್ನು ಕಿಟಕಿಗೆ ಒಯ್ದೆ, ಗೆರೆ ತಗ್ಗಿತು. ತೊಟ್ಟಿಲಿನ ಬಳಿ ಇಟ್ಟೆ, ಎದ್ದಿತು. ಬೀಗತಿಯ ಚಹಾ ಆರಿ ಹೋಗಿತ್ತು, ಡ್ರೈವರ್ ಹಾರನ್ ಮೇಲೆ ಹಾರನ್ ಹೊಡೆಯುತ್ತಿದ್ದ, ಯಾರಿಗೂ ಅದರ ಪರಿವೆ ಇರಲಿಲ್ಲ. ಬಾಗಿಲಲ್ಲಿದ್ದ ಕೌದಿಯ ಗಂಟಿನ ಮೇಲೆ ಪೆಟ್ಟಿಗೆಯ ಮೂತಿ ಹಿಡಿದೆ. ಗೆರೆ ಮೇಲಿನ ಅಂಚಿಗೆ ಹೋಗಿ ತೆರೆಯಿಂದಲೇ ಮಾಯವಾಯಿತು.

ತೆರೆಯ ಕೆಳಗೆ ಪೆಟ್ಟಿಗೆ ಹೆಸರನ್ನು ಬರೆದಿತ್ತು: ನ್ಯಾಫ್ತಲೀನ್.

ಕಲರಾ ಉಂಡಿ. ನಮ್ಮ ಕಡೆ ಕನ್ನಡದವರೂ ತೆಲುಗಿನವರೂ ಹಾಗೇ ಕರೆಯುವ, ಬಟ್ಟೆಗೆ ನುಸಿ ಹತ್ತದಿರಲಿ ಎಂದು ಟ್ರಂಕಿನಲ್ಲಿ ಹಾಕುವ ಬಿಳಿ ಗುಳಿಗೆ. ಗಂಟು ಬಿಚ್ಚಿದೆ. ಕೌದಿಯ ಮಡಿಕೆ ಮಡಿಕೆಯಲ್ಲೂ ಅದರ ವಾಸನೆ. ಆ ವಾಸನೆ ನಮಗೆ ಯಾರಿಗೂ ವಾಸನೆ ಅನ್ನಿಸಿಯೇ ಇರಲಿಲ್ಲ. ಹಬ್ಬದ ಸೀರೆಯ ವಾಸನೆ ಅದು, ಟ್ರಂಕು ತೆರೆದ ಮನೆಯ ವಾಸನೆ, ನನ್ನ ಮಟ್ಟಿಗೆ ಅವ್ವನದೇ ವಾಸನೆ. ಹುಟ್ಟಿದಾಗಿನಿಂದ ಮೂಗಿಗೆ ಅಂಟಿಕೊಂಡದ್ದನ್ನು ಮೂಗು ಯಾಕೆ ಹೇಳೀತು?

ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ನಾನು ಹೆಸರು ಹೇಳಿದ ಕೂಡಲೇ ಆಕೆಯ ದನಿ ಬದಲಾಯಿತು. ಕೆಲವು ಕೂಸುಗಳ ರಕ್ತಕಣಕ್ಕೆ ಇರಬೇಕಾದ ಒಂದು ಕಾವಲು ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಅಂಥವಕ್ಕೆ ಈ ಗುಳಿಗೆಯ ಆವಿ ತಾಗಿದರೆ ಸಾಕು, ರಕ್ತಕಣಗಳು ಒಡೆದು ಹಳದಿ ಏರುತ್ತದೆ, ರಕ್ತ ಕಡಿಮೆಯಾಗುತ್ತದೆ ಎಂದರು. ಆ ಬಟ್ಟೆಯಿಂದ ಈಗಲೇ ಬಿಡಿಸಿ, ಈಗಲೇ ಆಸ್ಪತ್ರೆಗೆ ತನ್ನಿ ಎಂದರು. ಗೋನೆಗಂಡ್ಲಕ್ಕೆ ಹೋಗಿದ್ದರೆ ಈ ಗಂಟೂ ಜೊತೆಯಲ್ಲೇ ಹೋಗುತ್ತಿತ್ತಲ್ಲ ಎಂಬುದು ಹೊಳೆದಾಗ ಮಾತ್ರ ನನ್ನ ಖುಷಿಯೆಲ್ಲ ಜರ್ರನೆ ಇಳಿಯಿತು.

ಫೋನು ಇಟ್ಟು ತಿರುಗಿದೆ. ಅವ್ವನಿಗೆ ಹೇಗೆ ಹೇಳುವುದು? ಹೇಳಬೇಕಾಗಲಿಲ್ಲ. ಫೋನಿನ ಮಾತು ಕೋಣೆಗೆಲ್ಲ ಕೇಳಿತ್ತು.

"ನಾನ ಹಾಕಿದ್ದು" ಎಂದಳು. "ಬಾಳ ದಿನ ಇಡಬೇಕಲ್ಲ ಅಂತ ಎಲ್ಲಾದಕ್ಕಿಂತ ಜಾಸ್ತಿ ಹಾಕಿದ್ದೆ. ಕೂಸಿನ ಬಟ್ಟಿಗೆ ಒಂದು ಹುಳಾನೂ ಹತ್ತಬಾರದಂತ."

ಕೂಸಿನ ಮೈಮೇಲಿನ ಕೌದಿಯನ್ನು ಸರ್ರನೆ ಕಿತ್ತೆಸೆದಳು. ಕೂಸನ್ನು ಮತ್ತೆ ಎದೆಗೆ ಒತ್ತಿಕೊಳ್ಳಲು ಹೋದವಳು ಅಲ್ಲೇ ನಿಂತಳು. ತನ್ನ ಸೀರೆಯ ಕಡೆ ನೋಡಿಕೊಂಡಳು. ರೇಷ್ಮೆಯಂಚಿನ ಆ ಸೀರೆ ಬೆಳಿಗ್ಗೆಯಷ್ಟೇ ಅದೇ ಟ್ರಂಕಿನಿಂದ ಬಂದದ್ದು. ಕೂಸನ್ನು ಮೈಯಿಂದ ದೂರಕ್ಕೆ, ತೋಳು ಚಾಚಿದಷ್ಟು ದೂರಕ್ಕೆ ಹಿಡಿದು ಬೀಗತಿಯ ಮುಂದೆ ನಿಂತಳು.

"ನೀವ ಹಿಡೀರಿ. ನನ್ನ ಮೈಮ್ಯಾಲಿಂದೂ ಅದ ಐತಿ. ಜಲ್ದಿ ಹಿಡೀರಿ."

ಬೀಗತಿ ಹಿಡಿದಳು. ಒಂದು ಚುಚ್ಚು ಮಾತಾದರೂ ಬರುತ್ತದೆಂದು ನಾನು ಹಲ್ಲು ಕಚ್ಚಿ ಕಾದಿದ್ದೆ, ಬರಲಿಲ್ಲ. "ನಮ್ಮ ಮನಿ ಬೀರುವಿನಾಗೂ ಅವ ಅದಾವ್ರಿ" ಎಂದಳು ಮೆಲ್ಲಗೆ. ತನ್ನ ಸೆರಗಿನಲ್ಲೇ ಕೂಸನ್ನು ಸುತ್ತಿಕೊಂಡು ಕಾರಿಗೆ ಓಡಿದಳು. ತಂಗಿ ಬೀಗತಿಯ ಚೀಲದಿಂದ ಒಂದು ಸೀರೆ ಸುತ್ತಿಕೊಂಡು ಹಿಂದೆಯೇ ಹತ್ತಿದಳು. ಗೋನೆಗಂಡ್ಲಕ್ಕೆ ಹೋಗಬೇಕಾಗಿದ್ದ ಕಾರು ಆಸ್ಪತ್ರೆಗೆ ತಿರುಗಿತು. ಅವ್ವ ಕಾರು ಹತ್ತಲಿಲ್ಲ. ಕಿಟಕಿಯ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಅಂಗಳಕ್ಕೆ ಎಸೆಯುತ್ತಿದ್ದಳು.

ರಕ್ತ ಪರೀಕ್ಷೆ ಡಾಕ್ಟರಮ್ಮನ ಮಾತನ್ನೇ ಹೇಳಿತು. ಕೂಸಿಗೆ ರಕ್ತ ಕೊಡಿಸಬೇಕಾಯಿತು. ಸುಮ್ಮನೆ ಮಲಗಿರುತ್ತಿದ್ದದ್ದು ಮರುದಿನ ಹಸಿದು ಅತ್ತಿತು, ಇಡೀ ವಾರ್ಡಿಗೆ ಕೇಳುವ ಹಾಗೆ. ಆ ಅಳು ಕೇಳಿ ತಂಗಿ ನಕ್ಕಳು, ನಾನು ಅತ್ತೆ. ಹಳದಿ ಇಳಿಯಿತು. ಈ ಸಲ ಅದು ಮತ್ತೆ ಏರದು ಎಂದು ನಮಗೆಲ್ಲ ಗೊತ್ತಿತ್ತು.

ಅವ್ವ ಮಾತ್ರ ಆಸ್ಪತ್ರೆಗೆ ಬಂದರೂ ವಾರ್ಡಿನೊಳಗೆ ಕಾಲಿಡಲಿಲ್ಲ. ಬಾಗಿಲಾಚೆ ಬೆಂಚಿನ ಮೇಲೆ ಕೂತು, ಒಳಗಿನಿಂದ ಬರುವ ದನಿಯನ್ನಷ್ಟೇ ಕೇಳುತ್ತಿದ್ದಳು. ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ಬೀಗತಿಯೇ ಹೋಗಿ ತನ್ನ ಚೀಲದಿಂದ ಇನ್ನೊಂದು ನೂಲಿನ ಸೀರೆ ತೆಗೆದು ಆಕೆಯ ಮಡಿಲಿಗೆ ಇಟ್ಟಳು.

"ಇದು ಟ್ರಂಕಿಂದಲ್ಲರಿ, ತಂತಿ ಮ್ಯಾಲಿಂದ ತಂದದ್ದು. ತಲಿಮ್ಯಾಲೆ ನೀರು ಹಾಕ್ಕೊಂಡು ಇದನ್ನ ಉಟ್ಕೊಂಡು ಬರ್ರಿ. ಅಜ್ಜಿ ಹೊರಗ ಕುಂತ್ರ ಕೂಸು ಏನಂದೀತು?"

ಅವ್ವ ಮನೆಗೆ ಹೋಗಿ ಎರೆದುಕೊಂಡು, ಬೀಗತಿಯ ಸೀರೆ ಉಟ್ಟು, ಒದ್ದೆ ಕೂದಲಲ್ಲೇ ಬಂದಳು. ಕಂಕುಳಲ್ಲಿ ನನ್ನ ಪೆಟ್ಟಿಗೆ. ಬಾಗಿಲಲ್ಲಿ ಅದನ್ನು ನನ್ನ ಕೈಗೆ ಕೊಟ್ಟು, ತಾನು ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಮೊದಲ ಇದನ್ನ ಚಾಲೂ ಮಾಡು. ನನ್ನ ಮೂಸಲಿ."

ಪೆಟ್ಟಿಗೆಯನ್ನು ಅವಳ ಸೆರಗಿನ ಬಳಿ, ತೋಳಿನ ಬಳಿ, ಕೂದಲಿನ ಬಳಿ ಹಿಡಿದೆ. ಅವ್ವ ಉಸಿರು ಬಿಗಿಹಿಡಿದು ನಿಂತಿದ್ದಳು. ತೆರೆಯ ಮೇಲೆ ಆ ಜಾಗ ಬಂತು, ದಾಟಿತು, ಖಾಲಿಯೇ ಇತ್ತು.

"ಏನೂ ಇಲ್ಲವ್ವ. ಬಾ."

"ಇನ್ನೊಮ್ಮೆ ನೋಡು" ಎಂದಳು.

ಇನ್ನೊಮ್ಮೆ ನೋಡಿದೆ. ಏನೂ ಇರಲಿಲ್ಲ. ಆಮೇಲೆಯೇ ಅವಳು ಎರಡೂ ಕೈ ಮುಂದೆ ಚಾಚಿದ್ದು.